ಅಂಕದ ಪಟ್ಟಿಗೆ ಸಿಗದ ಕೊರತೆ

ಕೃಷಿ ವಿಸ್ತರಣಾ ಸಿಬ್ಬಂದಿಗೆ ಯಾವ ತರಬೇತಿ ಬೇಕೆಂದು ಅಳೆಯಲು ಸಂಶೋಧಕರು ಬಹಳವಾಗಿ ನೆಚ್ಚಿಕೊಂಡಿರುವುದು 1980ರಲ್ಲಿ ಬೋರಿಚ್ ರೂಪಿಸಿದ ವಿಧಾನವನ್ನು. ಕೆಲಸಗಳ ಪಟ್ಟಿಯೊಂದನ್ನು ಮುಂದಿಟ್ಟು, ಪ್ರತಿಯೊಂದೂ ಎಷ್ಟು ಮುಖ್ಯ, ತಮಗೆ ಎಷ್ಟು ಬರುತ್ತದೆ ಎಂದು ಸಿಬ್ಬಂದಿಯಿಂದಲೇ ಅಂಕ ಹಾಕಿಸುತ್ತಾರೆ. ಅಂತರ ಹೆಚ್ಚಿದ್ದಲ್ಲಿ ತರಬೇತಿ. ಲೆಕ್ಕ ಸುಲಭ, ವರದಿಗೂ ಚೆಂದ. ಆದರೆ ಪಟ್ಟಿಯಲ್ಲೇ ಇಲ್ಲದ್ದಕ್ಕೆ ಅಂಕ ಹಾಕುವವರು ಯಾರು? ತನಗೆ ತಿಳಿದಿಲ್ಲವೆಂಬುದೂ ತಿಳಿಯದ ಸಂಗತಿಯನ್ನು ಯಾರೂ ಕೊರತೆಯೆಂದು ಬರೆದುಕೊಡುವುದಿಲ್ಲ. ಕೇರಳದ ಕಾಸರಗೋಡಿನಲ್ಲಿ ಈ ದೋಷ ಸಣ್ಣದಲ್ಲ.

ಇಲ್ಲಿ ಜ್ಞಾನಕ್ಕೇನೂ ಬರವಿಲ್ಲ. 1916ರಲ್ಲೇ ತೆಂಗು ಸಂಶೋಧನಾ ಕೇಂದ್ರ ಕಂಡ ಊರು. ಈಗ ಅದೇ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, ಸಿಪಿಸಿಆರ್‌ಐ. 1987ರಿಂದ ಪಂಚಾಯತಿಗೊಂದು ಕೃಷಿ ಭವನವೂ, ಅಂದರೆ ಕೃಷಿ ಇಲಾಖೆಯ ಕಚೇರಿಯೂ, ಇದೆ. ಅಡಿಕೆಯ ಕೊಳೆರೋಗವನ್ನೇ ತೆಗೆದುಕೊಳ್ಳಿ. ಅದರ ಮದ್ದಿಗೆ ಮೈಲುತುತ್ತು ಒಂದು ಕಿಲೋ, ಸುಣ್ಣ ಒಂದು ಕಿಲೋ, ನೀರು ನೂರು ಲೀಟರ್; ಅದ್ದಿದ ಕತ್ತಿಗೆ ಕೆಂಪು ಹಿಡಿದರೆ ಸುಣ್ಣ ಸಾಲದು. ಎಣ್ಮಕಜೆ, ಪೈವಳಿಕೆಯ ತೋಟದವರಿಗೆ ಇದು ಬಾಯಿಪಾಠ. ಅವರ ತೊಡಕು ಬೇರೆ: ಮಳೆ ಹಿಡಿಯುವ ಮೊದಲು ಮದ್ದು ಬಿಡಲು ಮರ ಹತ್ತುವವರು ಸಿಗುವುದಿಲ್ಲ, ಎರಡನೇ ಸಲಕ್ಕೆ ಮಳೆಯೇ ಬಿಡುವು ಕೊಡುವುದಿಲ್ಲ. ಅಧಿಕಾರಿ ‘ರೋಗ ನಿರ್ವಹಣೆ’ಯಲ್ಲಿ ತನಗೆ ಪೂರ್ಣ ಅಂಕ ಕೊಟ್ಟುಕೊಂಡರೂ ತಪ್ಪಿಲ್ಲ, ತೋಟಕ್ಕೆ ಮಾತ್ರ ಅದರಿಂದ ಏನೂ ಸಿಗದು. ಇದಕ್ಕಿಂತ ಗಂಭೀರ ಸಾಕ್ಷ್ಯ ಕೀಟನಾಶಕ ಎಂಡೋಸಲ್ಫಾನ್‌ನದು. ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಕೇರಳ ಸರ್ಕಾರದ ಪ್ಲಾಂಟೇಶನ್ ಕಾರ್ಪೊರೇಶನ್‌ನ ಗೇರು ತೋಪುಗಳ ಮೇಲೆ ಹೆಲಿಕಾಪ್ಟರ್‌ನಿಂದ ವಿಷ ಸುರಿಯಿತು. ಅದನ್ನು ನಿಲ್ಲಿಸಲು 1998ರಲ್ಲಿ ಹೊಸದುರ್ಗದ ನ್ಯಾಯಾಲಯಕ್ಕೆ ಹೋದ ಲೀಲಾಕುಮಾರಿ ಅಮ್ಮ ಕೃಷಿ ಇಲಾಖೆಯ ಉದ್ಯೋಗಿಯೇ. ಆದರೆ ಹೋದದ್ದು ತೋಪಿನ ಬಳಿ ವಾಸವಿದ್ದವರಾಗಿ. ಮೇಲಿನಿಂದ ಬಂದ ಸಲಹೆಯನ್ನು ಕೆಳಗೆ ತಲುಪಿಸುವುದಷ್ಟೇ ವಿಸ್ತರಣೆಯೆಂದು ಎಣಿಸಿದಾಗ, ಕಂಡದ್ದನ್ನು ಮೇಲಕ್ಕೆ ಹೇಳುವುದು ಕೆಲಸದ ಪಟ್ಟಿಗೇ ಸೇರುವುದಿಲ್ಲ.

ಹಾಗಾದರೆ ರೈತರನ್ನೇ ಕೇಳಿಬಿಡೋಣವೆಂದರೆ, ಅವರು ಸಬ್ಸಿಡಿಯನ್ನಷ್ಟೇ ಕೇಳುತ್ತಾರೆ ಎಂಬ ಆಕ್ಷೇಪ ಬರುತ್ತದೆ. ಅದರಲ್ಲಿ ಹುರುಳಿಲ್ಲದಿಲ್ಲ. ಆದ್ದರಿಂದ ಕೇಳಬೇಕಾದದ್ದು ಬಯಕೆಯನ್ನಲ್ಲ; ಒಂದು ಹಂಗಾಮಿನಲ್ಲಿ ಕೃಷಿ ಭವನಕ್ಕೆ ಬಂದ ಪ್ರಶ್ನೆಗಳಲ್ಲಿ ಯಾವುದಕ್ಕೆ ಉತ್ತರ ಸಿಗಲಿಲ್ಲ, ಏಕೆ ಸಿಗಲಿಲ್ಲ ಎಂಬುದನ್ನು. ಆಗ ಮಂಜೇಶ್ವರದ ಕಡೆ ಅಧಿಕಾರಿಗೆ ಕನ್ನಡ, ತುಳು ತಿಳಿಯದ್ದೂ ಅಳತೆಗೆ ಸಿಗುವ ಕೊರತೆಯಾಗುತ್ತದೆ. ಇಲ್ಲಿನ ರೈತರಲ್ಲಿ ಮಲಯಾಳ ಬಾರದವರಾರು ಎನ್ನಬಹುದು. ಅರ್ಜಿ ತುಂಬುವಷ್ಟು ಬಂದೀತು, ಹಿಂಗಾರದ ರೋಗವನ್ನು ವಿವರಿಸುವಷ್ಟು ಎಲ್ಲರಿಗೂ ಬರುವುದಿಲ್ಲ. ವರ್ಗವಾಗಿ ಹೋಗುವವರಿಗೆ ಇದನ್ನೆಲ್ಲ ಕಲಿಸುವುದು ದಂಡವೆಂಬ ವಾದವೂ ನಿಲ್ಲದು, ಏಕೆಂದರೆ ವರ್ಗವಾಗುವುದು ವ್ಯಕ್ತಿಯೇ ಹೊರತು ಹುದ್ದೆಯಲ್ಲ. ಉತ್ತರ ಸಿಗದ ಪ್ರಶ್ನೆಗಳ ಪುಸ್ತಕ ಕೃಷಿ ಭವನದಲ್ಲೇ ಉಳಿದರೆ, ಹೊಸದಾಗಿ ಬಂದವರ ತರಬೇತಿಯನ್ನು ಅದರಿಂದಲೇ ಶುರುಮಾಡಬಹುದು.