ಆಪ್ಷನ್ ಬೆಲೆಯೂ ಏರಿಳಿತದ ಗಣಿತವೂ: ಒಂದು ವಿಮರ್ಶೆ

ಷೇರುಗಳ ಆಪ್ಷನ್‌ಗೆ ಬೆಲೆ ಕಟ್ಟುವ ಗಣಿತವನ್ನು ನಮ್ಮ ಕಾಲೇಜುಗಳಲ್ಲಿ ಸೂತ್ರವಾಗಿ ಕಲಿಸುವುದುಂಟು. ಸೂತ್ರದ ಎಲ್ಲೆಯನ್ನು ಕಲಿಸುವುದು ವಿರಳ. ಆ ಎಲ್ಲೆಯನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಗುಬ್ಬಿಯ ಕಡೆಯ ತೋಟವೊಂದರ ಅಡಕೆಯನ್ನು ಗೊತ್ತಾದ ಧಾರಣೆಗೆ ಕೊಳ್ಳುವ ಹಕ್ಕನ್ನು ವ್ಯಾಪಾರಿಯೊಬ್ಬನು ಮುಂಗಡ ಕೊಟ್ಟು ಪಡೆದನೆಂದು ಭಾವಿಸೋಣ. ಧಾರಣೆ ಏರಿದರೆ ಲಾಭ ಅವನದು. ಇಳಿದರೆ ಮುಂಗಡವನ್ನು ಬಿಟ್ಟು ಹೋಗಬಹುದು. ಆ ಮುಂಗಡ ಎಷ್ಟಿರಬೇಕೆಂಬುದೇ ಆಪ್ಷನ್ನಿನ ಪ್ರಶ್ನೆ. ಧಾರಣೆ ಹೊಯ್ದಾಡಿದಷ್ಟೂ ಮುಂಗಡ ಹೆಚ್ಚಬೇಕು.

1973ರಲ್ಲಿ ಬ್ಲ್ಯಾಕ್ ಮತ್ತು ಶೋಲ್ಸ್ ಪ್ರಕಟಿಸಿದ ಸೂತ್ರವು ಈ ಏರಿಳಿತವನ್ನು ಬದಲಾಗದ ಒಂದೇ ಅಂಕಿಯಾಗಿ ಗ್ರಹಿಸಿತು. 1,500 ರೂಪಾಯಿಯ ಷೇರನ್ನು ಒಂದು ತಿಂಗಳ ಬಳಿಕ ಅದೇ ಬೆಲೆಗೆ ಕೊಳ್ಳುವ ಹಕ್ಕಿಗೆ, ಬಡ್ಡಿಯನ್ನು ಗಣಿಸದಿದ್ದರೆ, ವಾರ್ಷಿಕ ಏರಿಳಿತ ಶೇಕಡ 25 ಆದಲ್ಲಿ ಸುಮಾರು 43 ರೂಪಾಯಿ ಬೆಲೆ. ಶೇಕಡ 40 ಆದಲ್ಲಿ ಸುಮಾರು 69. 1982ರಲ್ಲಿ ಎಂಗಲ್ ಅವರ ಆರ್ಚ್, 1986ರಲ್ಲಿ ಬೊಲ್ಲರ್‌ಸ್ಲೆವ್ ಅವರ ಗಾರ್ಚ್ ಮಾದರಿಗಳು ಏರಿಳಿತವೇ ಬದಲಾಗುವುದೆಂಬುದನ್ನು ಗಣಿತಕ್ಕೆ ತಂದವು: ನಿನ್ನೆಯ ಕ್ಷೋಭೆ ಇಂದಿನ ಏರಿಳಿತವನ್ನು ಹೆಚ್ಚಿಸುತ್ತದೆ, ಬಳಿಕ ಅದು ಮೆಲ್ಲನೆ ತಗ್ಗುತ್ತದೆ. ಇದು ನಿಜವಾದ ಮುನ್ನಡೆಯೆಂಬುದರಲ್ಲಿ ಸಂದೇಹವಿಲ್ಲ.

ಆದರೆ ಈ ಮಾದರಿ ಕಳೆದುದನ್ನು ಮಾತ್ರ ಬಲ್ಲುದು. 2013ರ ಏಪ್ರಿಲ್ 12ರಂದು, ತ್ರೈಮಾಸಿಕ ಫಲಿತಾಂಶ ಹೊರಬಿದ್ದಾಗ, ಬೆಂಗಳೂರಿನ ಇನ್ಫೋಸಿಸ್ ಷೇರು ಸುಮಾರು ಶೇಕಡ 21ರಷ್ಟು ಕುಸಿಯಿತು. ಫಲಿತಾಂಶದ ದಿನ ಪೇಟೆಗೆ ಮೊದಲೇ ತಿಳಿದಿತ್ತು. ಹಿಂದಿನ ಬೆಲೆಗಳಿಂದ ಮಾತ್ರ ಕಟ್ಟಿದ ಗಾರ್ಚಿಗೆ ಪಂಚಾಂಗ ತಿಳಿಯದು. ಕುಸಿತವಾದ ಮೇಲೆ ಅದು ಏರಿಳಿತವನ್ನು ಹೆಚ್ಚಿಸಿ ತೋರಿಸುವುದು ಕೆರೆ ಒಡೆದ ಮೇಲೆ ಏರಿಗೆ ಮಣ್ಣು ಹಾಕಿದಂತೆ.

ಪೇಟೆಯ ಆಪ್ಷನ್ ಬೆಲೆಯಿಂದಲೇ ಏರಿಳಿತವನ್ನು ಹಿಮ್ಮುಖವಾಗಿ ಗಣಿಸಬಹುದೆಂದು ಕೆಲವರು ಹೇಳಬಹುದು. ಅದರಲ್ಲಿ ಪೇಟೆಯ ಮುಂದಣ ನಿರೀಕ್ಷೆಯೂ ಸೇರಿರುವುದು ದಿಟ. ಆದರೆ ಬೆಲೆಯಿಂದ ಪಡೆದ ಅಂಕಿಯನ್ನು ಹಿಡಿದು ಅದೇ ಬೆಲೆ ಯುಕ್ತವೆಂದು ಸಾಧಿಸಹೊರಡುವುದು ಅನ್ಯೋನ್ಯಾಶ್ರಯ ದೋಷ. ಒಂದು ಆಪ್ಷನ್ನನ್ನು ಇನ್ನೊಂದರೊಡನೆ ತೂಗಿ ನೋಡಲು ಅದು ಒದಗುತ್ತದೆ. ಅದಕ್ಕಿಂತ ಹೆಚ್ಚನ್ನು ಅದರಿಂದ ಬಯಸಲಾಗದು.

ಇದು ಕೇವಲ ಪಾಂಡಿತ್ಯದ ಚರ್ಚೆಯಲ್ಲ. 2024ರಲ್ಲಿ ಸೆಬಿ ಪ್ರಕಟಿಸಿದ ಅಧ್ಯಯನದಂತೆ, 2024ರ ಮಾರ್ಚಿಗೆ ಮುಗಿದ ಮೂರು ಆರ್ಥಿಕ ವರ್ಷಗಳಲ್ಲಿ ಷೇರುಪೇಟೆಯ ಫ್ಯೂಚರ್ ಮತ್ತು ಆಪ್ಷನ್ ವ್ಯವಹಾರಕ್ಕಿಳಿದ ವ್ಯಕ್ತಿಗಳಲ್ಲಿ ನೂರಕ್ಕೆ 93 ಮಂದಿ ನಷ್ಟ ಹೊಂದಿದರು. ಕೈಯಲ್ಲಿರುವ ಮೊಬೈಲಿನಿಂದಲೇ ಈ ವ್ಯವಹಾರ ಸಾಧ್ಯವಾಗಿರುವಾಗ, ತುಮಕೂರು, ಕುಣಿಗಲ್ಲುಗಳ ತರಗತಿಗಳಲ್ಲಿ ಸೂತ್ರವನ್ನು ಬರೆಯಿಸುವ ಅಧ್ಯಾಪಕರು ಅದರ ಗ್ರಹಿಕೆಗಳನ್ನೂ ಪಕ್ಕದಲ್ಲೇ ಬರೆಯಿಸತಕ್ಕದ್ದು. ಉತ್ತರದ ಅಂಕಿಯೊಡನೆ, ಏರಿಳಿತದ ಊಹೆ ತಪ್ಪಿದರೆ ಆ ಅಂಕಿ ಎಷ್ಟು ಬದಲಾಗುವುದೆಂಬುದನ್ನೂ ವಿದ್ಯಾರ್ಥಿಯಿಂದ ಕೇಳುವ ಪದ್ಧತಿ ಪರೀಕ್ಷೆಗಳಲ್ಲಿ ಬರಬೇಕು.