ಆಷಾಢಭೂತಿಯೂ ಅವನ ಗುರುವೂ

ಎದುರಾಳಿಯನ್ನು ಬೈಯಲು ನಮ್ಮ ರಾಜಕಾರಣಿಗಳಿಗೂ ಅಂಕಣಕಾರರಿಗೂ ಬಹಳ ಪ್ರಿಯವಾದ ಪದ ‘ಆಷಾಢಭೂತಿ’. ಎರಡು ಮಹಾಪ್ರಾಣಗಳಿರುವುದರಿಂದ ವೇದಿಕೆಯ ಮೇಲೆ ಚೆನ್ನಾಗಿ ಕೇಳಿಸುತ್ತದೆ. ಉಪದೇಶ ಒಂದು, ನಡತೆ ಇನ್ನೊಂದು ಆದವರೆಲ್ಲ ನಮ್ಮ ಬಾಯಲ್ಲಿ ಆಷಾಢಭೂತಿಗಳೇ. ಆದರೆ ಪದದ ಹಿಂದಿರುವ ಕತೆಯನ್ನು ಮತ್ತೊಮ್ಮೆ ಓದಿದವರಿಗೆ, ಈ ಬೈಗುಳದಲ್ಲಿ ಅರ್ಧ ಪಾಲಾದರೂ ಬೇರೆಯವನಿಗೆ ಸೇರಬೇಕಿತ್ತು ಅನ್ನಿಸದೆ ಇರದು.

ಕತೆ ಇರುವುದು ಪಂಚತಂತ್ರದ ಮಿತ್ರಭೇದದಲ್ಲಿ. ದೇವಶರ್ಮ ಎಂಬ ಸನ್ಯಾಸಿ, ಭಕ್ತರು ಕೊಟ್ಟ ನಯವಾದ ಬಟ್ಟೆಗಳನ್ನು ಮಾರಿ ಹಣ ಕೂಡಿಟ್ಟಿದ್ದಾನೆ. ಯಾರ ಮೇಲೂ ನಂಬಿಕೆಯಿಲ್ಲ, ಹಗಲೂ ರಾತ್ರಿ ಗಂಟು ಕಂಕುಳಲ್ಲೇ. ಅದರ ಮೇಲೆ ಕಣ್ಣಿಟ್ಟ ಆಷಾಢಭೂತಿ ಬಂದು ಕಾಲಿಗೆ ಬೀಳುತ್ತಾನೆ, ಸಂಸಾರ ನಿಸ್ಸಾರ, ದಾರಿ ತೋರಿಸಿ ಅನ್ನುತ್ತಾನೆ. ಗುರು ಒಪ್ಪುತ್ತಾನೆ, ಒಂದು ಷರತ್ತಿನ ಮೇಲೆ: ರಾತ್ರಿ ಮಠದೊಳಗೆ ಬರಕೂಡದು, ಬಾಗಿಲ ಬಳಿ ಹುಲ್ಲಿನ ಗುಡಿಸಲಲ್ಲಿ ಮಲಗಬೇಕು. ಕೈಕಾಲು ಒತ್ತಿ ಸೇವೆ ಮಾಡಿದ ಶಿಷ್ಯನನ್ನು ಕೊನೆಗೂ ನಂಬಿದ ಗುರು, ಪ್ರಯಾಣದ ನಡುವೆ ಹೊಳೆಯ ಬದಿಯಲ್ಲಿ ಗಂಟು ಅವನ ವಶಕ್ಕೆ ಕೊಟ್ಟು ಬಯಲಿಗೆ ಹೋಗುತ್ತಾನೆ. ಎರಡು ಟಗರುಗಳ ಕಾಳಗ ನೋಡುತ್ತ ಮೈಮರೆತು ಹಿಂತಿರುಗಿದರೆ ಶಿಷ್ಯನೂ ಇಲ್ಲ, ಗಂಟೂ ಇಲ್ಲ.

ಕಳ್ಳ ಯಾರೆಂದು ಹೇಳುವುದು ಸುಲಭ. ಸೋಗು ಹೆಚ್ಚಿನದು ಯಾರದು? ರಾತ್ರಿ ಒಳಗೆ ಬರಬೇಡ ಅನ್ನುವುದಕ್ಕೆ ದೇವಶರ್ಮ ಕೊಡುವ ಕಾರಣ ಕೇಳಿ: ಯತಿಗಳಿಗೆ ನಿಸ್ಸಂಗವೇ ಶ್ರೇಷ್ಠ! ಹಣ ಹೋದೀತೆಂಬ ಹೆದರಿಕೆಯನ್ನು ಅವನು ವ್ರತದ ಮಾತಿನಲ್ಲಿ ಹೇಳುತ್ತಿದ್ದಾನೆ. ಆ ಮಾತು ಆಡುವಾಗ ತಾನು ದೊಡ್ಡ ವಿರಾಗಿ ಎಂದೇ ಅವನಿಗೂ ಅನ್ನಿಸಿರಬೇಕು. ಆಷಾಢಭೂತಿಗೆ ಅಂಥ ಭ್ರಮೆ ಯಾವುದೂ ಇಲ್ಲ. ತಾನು ನಟಿಸುತ್ತಿದ್ದೇನೆಂದು ಅವನಿಗೆ ಮೊದಲ ದಿನದಿಂದಲೂ ಗೊತ್ತು. ನೈತಿಕ ಹಿರಿಮೆಯ ಸೋಗು ಅಂದರೆ ಏನೆಂದು ತಿಳಿಯಬೇಕಾದರೆ ನೋಡಬೇಕಾದ್ದು ಗುರುವನ್ನು. ಕತೆಗಾರ ಇದನ್ನು ಮರೆತಿಲ್ಲ. ತನ್ನ ನಷ್ಟ ಸ್ವಯಂಕೃತ ಅಪರಾಧ ಎಂದು ದೇವಶರ್ಮನ ಬಾಯಲ್ಲೇ ಹೇಳಿಸುತ್ತಾನೆ. ಮರೆತದ್ದು ನಮ್ಮ ಭಾಷೆ. ಶಿಷ್ಯನ ಹೆಸರನ್ನು ಬೈಗುಳ ಮಾಡಿಕೊಂಡಿತು, ಗುರುವನ್ನು ಮೋಸಹೋದ ಪಾಪದವನೆಂದು ಬಿಟ್ಟುಬಿಟ್ಟಿತು.

ಹಳಬರು ಈ ವಿಷಯದಲ್ಲಿ ನಮಗಿಂತ ಸೂಕ್ಷ್ಮವಾಗಿದ್ದರು. ಮನುಸ್ಮೃತಿಯ 4ನೇ ಅಧ್ಯಾಯ ಬೆಕ್ಕಿನ ವ್ರತದವನನ್ನೂ ಬಕವ್ರತದವನನ್ನೂ ಬೇರೆ ಬೇರೆ ಮಾಡಿ ಹೇಳುತ್ತದೆ. ಮೊದಲನೆಯವನು ಧರ್ಮಧ್ವಜಿ: ಧರ್ಮದ ಬಾವುಟ ಎತ್ತಿ ಹಿಡಿದ ಲೋಭಿ. ಎರಡನೆಯವನು ಕಣ್ಣು ಕೆಳಗೆ ಹಾಕಿಕೊಂಡು ವಿನಯ ನಟಿಸುವವನು. (ಆ ಗ್ರಂಥದ ಬಗ್ಗೆ ತಕರಾರುಗಳು ಬೇಕಾದಷ್ಟಿವೆ, ಈ ವಿಂಗಡಣೆ ಮಾತ್ರ ಹರಿತವಾಗಿದೆ.) ಮಹಾಬಲಿಪುರದ 7ನೇ ಶತಮಾನದ ಬಂಡೆಯುಬ್ಬಿನಲ್ಲಿ ಮುಂಗಾಲೆತ್ತಿ ತಪಸ್ಸಿಗೆ ನಿಂತ ಬೆಕ್ಕೂ ಅದರ ಸುತ್ತ ಇಲಿಗಳೂ ಇವೆ. ಕನ್ನಡದಲ್ಲಿ ‘ಬಕಧ್ಯಾನ’ ಉಳಿಯಿತು, ಧರ್ಮಧ್ವಜಿ ಪುಸ್ತಕದಲ್ಲೇ ಉಳಿದ.

ತಪಸ್ವಿಯ ಸೋಗು ಹಾಕಿ ಇಲಿಗಳನ್ನು ನಂಬಿಸಿ ತಿನ್ನುವ ಈ ಬೆಕ್ಕಿನ ಕತೆಗೆ ಮಹಾಭಾರತದಲ್ಲಿ ಇನ್ನೊಂದು ವಿಚಿತ್ರ ಬಳಕೆಯಿದೆ. ಉದ್ಯೋಗಪರ್ವದ ಪ್ರಚಲಿತ ಪಾಠದಲ್ಲಿ, ಯುದ್ಧದ ಮುನ್ನ ಉಲೂಕನನ್ನು ದೂತನಾಗಿ ಕಳಿಸಿ ಈ ಕತೆ ಹೇಳಿಸುವವನು ದುರ್ಯೋಧನ, ಕೇಳಬೇಕಾದವನು ಧರ್ಮರಾಯ. ನಿನ್ನ ಧರ್ಮವೆಲ್ಲ ಆ ಬೆಕ್ಕಿನ ತಪಸ್ಸು ಎಂಬುದು ಸಂದೇಶ. ಧರ್ಮರಾಯನಲ್ಲಿ ಸೋಗಿನ ಅಂಶವೇ ಇರಲಿಲ್ಲ ಎಂದು ವಾದಿಸಲು ನಾನು ಸಿದ್ಧನಿಲ್ಲ. ಆದರೆ ಜೂಜಿನ ಸಭೆ ನಡೆಸಿದವನ ಬಾಯಲ್ಲಿ ಈ ಆರೋಪ ಬಂದಾಗ ಅದು ಎದುರಿಗಿರುವವನ ಗುಣದ ಬಗ್ಗೆ ಏನನ್ನೂ ತಿಳಿಸುವುದಿಲ್ಲ, ಉತ್ತರ ಕೊಡುವ ಕೆಲಸವನ್ನು ಅವನ ತಲೆಗೆ ಕಟ್ಟುತ್ತದೆ ಅಷ್ಟೆ. ಇವತ್ತಿನ ಪತ್ರಿಕಾ ಹೇಳಿಕೆಗಳಲ್ಲಿ ‘ಆಷಾಢಭೂತಿತನ’ ಮಾಡುತ್ತಿರುವ ಕೆಲಸ ಬಹುಪಾಲು ಇದೇ.

ಪದ ಮಾಡದ ವಿಂಗಡಣೆಯನ್ನು ಕನ್ನಡದಲ್ಲಿ ಒಂದು ಕಾದಂಬರಿ ಮಾಡಿದೆ. ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ (1965) ಬ್ರಾಹ್ಮಣ್ಯದ ಕಪಟವನ್ನು ಬಯಲು ಮಾಡಿತು ಎಂದು ಒಂದೇ ಉಸಿರಿನಲ್ಲಿ ಹೇಳುವುದು ರೂಢಿ. ಆದರೆ ಕಾದಂಬರಿಯ ಅಗ್ರಹಾರವಾದ ದೂರ್ವಾಸಪುರದಲ್ಲಿ ಕಪಟ ಒಂದೇ ಬಗೆಯದಲ್ಲ. ಅಲ್ಲಿನ ಪಂಡಿತ ಪ್ರಾಣೇಶಾಚಾರ್ಯರು ಧರ್ಮವನ್ನು ನಂಬಿ ಬದುಕಿದವರು. ಆಚಾರ ತೊರೆದು ಬದುಕಿ ಸತ್ತ ನಾರಣಪ್ಪನ ಜೊತೆಗಿದ್ದ ಚಂದ್ರಿಯೊಂದಿಗೆ ಕಳೆದ ರಾತ್ರಿಯನ್ನು ಮುಚ್ಚಿಡುತ್ತಾರೆ, ಮುಚ್ಚಿಟ್ಟದ್ದರಿಂದಲೇ ಬೇಯುತ್ತಾರೆ. ಸೂತಕದಲ್ಲಿದ್ದೂ ಮೇಳಿಗೆಯ ದೇವಸ್ಥಾನದ ಪಂಕ್ತಿಯಲ್ಲಿ ಕುಳಿತಾಗ ಅವರಿಗೆ ಲಾಭವೇನೂ ಇಲ್ಲ, ಇರುವುದು ಭಯ. ಹೆಣ ಎತ್ತುವವರೆಗೆ ಊಟ ಮಾಡಬಾರದೆಂಬ ನಿಯಮದ ನಡುವೆ ಹಸಿವು ತಡೆಯಲಾರದೆ ಪಾರಿಜಾತಪುರದವರ ಮನೆಯಲ್ಲಿ ಗುಟ್ಟಾಗಿ ತಿಂದು ಬರುವ ದಾಸಾಚಾರ್ಯನದು ಹೊಟ್ಟೆಯ ಸಂಕಟ. ಅವನನ್ನು ಕಪಟಿ ಅನ್ನಲು ನನಗೆ ನಾಲಗೆ ಬರುವುದಿಲ್ಲ.

ಕಾದಂಬರಿಯ ನಿಜವಾದ ದೇವಶರ್ಮರು ಗರುಡಾಚಾರ್ಯ, ಲಕ್ಷ್ಮಣಾಚಾರ್ಯ. ನಾರಣಪ್ಪನ ಹೆಣ ಮುಟ್ಟಿದರೆ ತಮ್ಮ ಬ್ರಾಹ್ಮಣ್ಯ ಕೆಟ್ಟೀತೆಂದು ಹಿಂಜರಿದವರು ಇವರು. ಚಂದ್ರಿ ಸಂಸ್ಕಾರದ ಖರ್ಚಿಗೆಂದು ಒಡವೆ ಬಿಚ್ಚಿಟ್ಟ ಕೂಡಲೇ ಧಾಟಿ ಬದಲಾಗುತ್ತದೆ. ಒಬ್ಬನ ಮಗ ಸೈನ್ಯ ಸೇರಿದ್ದಾನೆ, ಬಿಡಿಸಿ ತರಲು ಹಣ ಬೇಕು. ಇನ್ನೊಬ್ಬನ ಹೆಂಡತಿ ಅನಸೂಯ, ಆ ಒಡವೆ ನಾರಣಪ್ಪನ ಹೆಂಡತಿಯಾಗಿ ತೀರಿಕೊಂಡ ತನ್ನ ತಂಗಿಗೆ ಸೇರಬೇಕಾದ್ದು ಅನ್ನುತ್ತಾಳೆ. ಆಸೆ ಇಬ್ಬರದ್ದೂ ಅರ್ಥವಾಗುವಂಥದ್ದೇ. ಆದರೆ ಅದನ್ನು ಆಸೆ ಎಂದು ಹೇಳಿಕೊಳ್ಳುವ ಭಾಷೆ ಅವರಿಗಿಲ್ಲ. ಏನಿದ್ದರೂ ಶಾಸ್ತ್ರದ ಬಾಗಿಲಿನಿಂದಲೇ ಬರಬೇಕು. ಇವರನ್ನು ಆಷಾಢಭೂತಿಗಳೆಂದು ಕರೆದು ನೋಡಿ, ಆರೋಪ ನಿಲ್ಲುವುದಿಲ್ಲ. ಅವರು ಒಂದು ಗುಂಜಿ ಚಿನ್ನವನ್ನೂ ಕದ್ದಿಲ್ಲ, ವೇಷ ಹಾಕಿ ಯಾರ ಮಠಕ್ಕೂ ನುಗ್ಗಿಲ್ಲ. ನಾನು ಯಾರ ಗಂಟು ಹೊತ್ತುಕೊಂಡು ಓಡಿದೆ ಎಂದು ಗರುಡಾಚಾರ್ಯ ಎದೆ ಮುಟ್ಟಿಕೊಂಡು ಕೇಳಿದರೆ, ಆ ಪದ ಬಳಸಿದವರ ಬಳಿ ಉತ್ತರವಿರುವುದಿಲ್ಲ.