ಸೇನಾ ಜೀಪಿನ ಹಿಂದಿನ ಆಕ್ಸಲ್: ಬದಲಿಸುವ ಮುನ್ನ

ಶಿವಾಜಿನಗರದ ಗುಜರಿ ಬೀದಿಗಳಲ್ಲಿ ನೀವು ಎಂದಾದರೂ ಸುತ್ತಾಡಿದ್ದೀರಾ? ಬಾಗಿಲು, ದೀಪ, ಗೇರ್‌ಬಾಕ್ಸುಗಳ ರಾಶಿಯ ನಡುವೆ, ಮಧ್ಯದಲ್ಲಿ ಕುಂಬಳಕಾಯಿಯಂತೆ ಉಬ್ಬಿ ಎರಡೂ ಕಡೆಗೆ ಕೊಳವೆ ಚಾಚಿದ ಭಾರವಾದ ವಸ್ತುವೊಂದು ಕಾಣುತ್ತದೆ. ಅದೇ ವಾಹನದ ಹಿಂದಿನ ಆಕ್ಸಲ್. ಹಳೆಯ ಸೇನಾ ವಾಹನ ಕೊಂಡು ದುರಸ್ತಿ ಮಾಡಿಸುವವರಿಗೆ ಸಿಗುವ ಸಲಹೆಗಳಲ್ಲಿ ಇದರ ಕುರಿತದ್ದೂ ಒಂದು: "ಹಳೇ ಹೌಸಿಂಗ್ ತೆಗೆದುಬಿಡಿ ಸಾರ್, ಬೇರೆ ಗಾಡಿದು ಕೂರಿಸೋಣ. ರೋಡಲ್ಲಿ ಹಾರುತ್ತೆ." ಈ ಸಲಹೆ ಎಷ್ಟು ಸರಿ? ಒರೆಗೆ ಹಚ್ಚಿ ನೋಡೋಣ.

ಉದಾಹರಣೆಗೆ ವಿಲ್ಲಿಸ್ ಎಂಬಿ ವಾಹನವನ್ನೇ ತೆಗೆದುಕೊಳ್ಳೋಣ. ನಾವು ಇದನ್ನು ಜೀಪ್ ಎನ್ನುತ್ತೇವೆ. ಅಮೆರಿಕದ ಸೇನೆ ತನ್ನ ದಾಖಲೆಗಳಲ್ಲಿ 'ಕಾಲು ಟನ್ ಟ್ರಕ್' ಎಂದು ಬರೆದುಕೊಂಡಿತು. 1941ರಿಂದ 1945ರವರೆಗೆ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ಸೇರಿ ಇಂಥ ಆರು ಲಕ್ಷಕ್ಕೂ ಹೆಚ್ಚು ವಾಹನಗಳನ್ನು ತಯಾರಿಸಿದವು. ಬೆಂಗಳೂರಿನ ಪೂರ್ವಭಾಗಕ್ಕೂ ಆ ಯುದ್ಧಕ್ಕೂ ನೇರ ನಂಟಿದೆ. ಎಚ್‌ಎಎಲ್ ಕಾರ್ಖಾನೆ 1943ರಲ್ಲಿ ಅಮೆರಿಕನ್ನರ 84ನೇ ಏರ್ ಡಿಪೋ ಆಗಿತ್ತು. ಹಲಸೂರಿನಲ್ಲಿ ಮದ್ರಾಸ್ ಸ್ಯಾಪರ್ಸ್ ಪಡೆಯ ಕೇಂದ್ರ ಇಂದಿಗೂ ಇದೆ. ದಂಡು ಪ್ರದೇಶದ ಜನರಿಗೆ ಜೀಪು ಹೊಸದೇನಲ್ಲ.

ಈ ಜೀಪಿನ ಹಿಂದಿನ ಆಕ್ಸಲ್‌ನ ಅನುಪಾತ 4.88. ಅಂದರೆ ಪ್ರೊಪೆಲ್ಲರ್ ಷಾಫ್ಟ್ 4.88 ಸುತ್ತು ತಿರುಗಿದಾಗ ಚಕ್ರ ಒಂದು ಸುತ್ತು ತಿರುಗುತ್ತದೆ. ಟೈರಿನ ಒಂದು ಸುತ್ತಿಗೆ ವಾಹನ ಸುಮಾರು 2.2 ಮೀಟರ್ ಸಾಗುತ್ತದೆ ಎಂದುಕೊಂಡರೆ, ಗಂಟೆಗೆ 80 ಕಿ.ಮೀ. ವೇಗದಲ್ಲಿ ಎಂಜಿನ್ ನಿಮಿಷಕ್ಕೆ ಸುಮಾರು 2,950 ಸುತ್ತು ತಿರುಗಬೇಕು. ಅನುಪಾತ 4.27 ಇರುವ ಆಕ್ಸಲ್ ಹಾಕಿದರೆ ಸುಮಾರು 2,600 ಸುತ್ತು ಸಾಕು. ಸದ್ದು ಕಡಿಮೆ, ಪೆಟ್ರೋಲೂ ಸ್ವಲ್ಪ ಉಳಿದೀತು. ಸಲಹೆ ಕೊಟ್ಟವರ ಮಾತು ಇಲ್ಲಿಯವರೆಗೆ ನಿಜ. ಚಕ್ರಕ್ಕೆ ಸಿಗುವ ಎಳೆತ ಎಂಟನೇ ಒಂದು ಭಾಗದಷ್ಟು ಕಡಿಮೆಯಾಗುತ್ತದೆ ಎಂಬುದನ್ನು ಮಾತ್ರ ಅವರು ಹೇಳುವುದಿಲ್ಲ. 60 ಅಶ್ವಶಕ್ತಿಯ ಎಂಜಿನ್ನಿಗೆ ಏರಿನಲ್ಲಿ ಇದು ಚೆನ್ನಾಗಿಯೇ ತಿಳಿಯುತ್ತದೆ.

ನಿಜವಾದ ತೊಂದರೆ ಇರುವುದು ಮುಂದಿನ ಆಕ್ಸಲ್‌ನಲ್ಲಿ. ಅದು ಇನ್ನೂ 4.88ರಲ್ಲೇ ಇದೆ! ಈ ಜೀಪಿನ ಟ್ರಾನ್ಸ್‌ಫರ್ ಕೇಸಿನಲ್ಲಿ ಡಿಫರೆನ್ಷಿಯಲ್ ಇಲ್ಲ. ನಾಲ್ಕು ಚಕ್ರಗಳ ಚಾಲನೆ ಹಾಕಿದಾಗ ಮುಂದಿನ, ಹಿಂದಿನ ಷಾಫ್ಟುಗಳು ಒಂದೇ ವೇಗದಲ್ಲಿ ತಿರುಗುತ್ತವೆ. ಆಗ ಮುಂದಿನ ಚಕ್ರಗಳು 100 ಮೀಟರ್ ಹೋಗುವಷ್ಟರಲ್ಲಿ ಹಿಂದಿನವು 114 ಮೀಟರ್ ಹೋಗಬೇಕು. ಒಂದೇ ಚೌಕಟ್ಟಿಗೆ ಕಟ್ಟಿದ ಚಕ್ರಗಳಿಗೆ ಅದು ಹೇಗೆ ಸಾಧ್ಯ? ಕೆಸರಿನಲ್ಲಿ ಟೈರು ಜಾರಿ ಲೆಕ್ಕ ಸರಿಹೋಗುತ್ತದೆ. ಗಟ್ಟಿ ನೆಲದಲ್ಲಿ ಟೈರು ಉಜ್ಜಿ ಸವೆಯುತ್ತದೆ, ಇಲ್ಲವೇ ಗೇರಿನ ಹಲ್ಲೋ ಷಾಫ್ಟೋ ಮುರಿಯುತ್ತದೆ. "ನಾಲ್ಕು ಚಕ್ರದ್ದನ್ನು ಹಾಕೋದೇ ಬೇಡ ಬಿಡಿ" ಎಂಬ ಉತ್ತರವನ್ನೂ ನಾನು ಕೇಳಿದ್ದೇನೆ. ಹಾಗಾದರೆ ಈ ವಾಹನವನ್ನು ಕೊಂಡದ್ದಾದರೂ ಏಕೆ?

ಇನ್ನು ಬಲದ ಮಾತು. ಗಾತ್ರದಲ್ಲಿ ದೊಡ್ಡದಾದ ಆಕ್ಸಲ್ ಹೆಚ್ಚು ಗಟ್ಟಿ ಎಂಬ ನಂಬಿಕೆ ಅರ್ಧ ಸತ್ಯ. ಸೇನಾ ಜೀಪಿನದು ಫುಲ್ ಫ್ಲೋಟಿಂಗ್ ಆಕ್ಸಲ್. ವಾಹನದ ತೂಕವನ್ನು ಹೊರುವುದು ಹೊರಗಿನ ಕೊಳವೆ ಮತ್ತು ಅದರ ತುದಿಯ ಬೇರಿಂಗುಗಳು. ಒಳಗಿನ ಷಾಫ್ಟಿಗೆ ಚಕ್ರವನ್ನು ತಿರುಗಿಸುವುದೊಂದೇ ಕೆಲಸ. ಷಾಫ್ಟ್ ಮುರಿದರೂ ಚಕ್ರ ಸ್ಥಳದಲ್ಲೇ ನಿಲ್ಲುತ್ತದೆ. ಬೋಲ್ಟ್ ಬಿಚ್ಚಿ ತುಂಡನ್ನು ಹೊರಗೆಳೆದು, ಮುಂದಿನ ಚಕ್ರಗಳ ಚಾಲನೆಯಿಂದಲೇ ಮನೆ ಸೇರಬಹುದು. ಯುದ್ಧಭೂಮಿಯಲ್ಲಿ ಇದರ ಬೆಲೆ ಏನೆಂದು ಊಹಿಸಿಕೊಳ್ಳಿ. ಯುದ್ಧಾನಂತರ ನಾಗರಿಕರಿಗಾಗಿ ಬಂದ ಸಿಜೆ ಜೀಪುಗಳಲ್ಲಿ ಬಲುಬೇಗ ಸೆಮಿ ಫ್ಲೋಟಿಂಗ್ ಆಕ್ಸಲ್ ಬಂತು. ಇದರಲ್ಲಿ ಷಾಫ್ಟ್ ತಿರುಚುವಿಕೆಯ ಜೊತೆಗೆ ತೂಕವನ್ನೂ, ಬಾಗಿಸುವ ಬಲವನ್ನೂ ತಡೆದುಕೊಳ್ಳಬೇಕು. ದಪ್ಪ ಷಾಫ್ಟಾದ್ದರಿಂದ ಸಾಮಾನ್ಯವಾಗಿ ತಡೆಯುತ್ತದೆ. ಆದರೆ ಒಮ್ಮೆ ಮುರಿದರೆ ಚಕ್ರವೇ ಡ್ರಮ್ಮಿನ ಸಮೇತ ಹೊರಬರಬಹುದು. ಗುಜರಿಯಿಂದ ತಂದ, ಎಷ್ಟು ದುಡಿದಿದೆಯೋ ತಿಳಿಯದ ಷಾಫ್ಟನ್ನು ನಂಬಿ ಹಳೇ ಮದ್ರಾಸ್ ರಸ್ತೆಯಲ್ಲಿ ಕೆ.ಆರ್.ಪುರಂ ಕಡೆಗೆ ವೇಗವಾಗಿ ಹೊರಡುವ ಧೈರ್ಯ ನನಗಂತೂ ಇಲ್ಲ.

ಜೋಡಣೆಯ ಸೂಕ್ಷ್ಮವೂ ಇದೆ. ಈ ಜೀಪಿನ ಎರಡೂ ಆಕ್ಸಲ್‌ಗಳ ಉಬ್ಬು ನಡುವಿನಲ್ಲಿಲ್ಲ, ಬಲಕ್ಕೆ ಸರಿದಿದೆ. ಟ್ರಾನ್ಸ್‌ಫರ್ ಕೇಸಿನ ಷಾಫ್ಟ್ ಹೊರಡುವುದೂ ಬಲಬದಿಯಿಂದಲೇ. ಉಬ್ಬು ನಡುವಿನಲ್ಲಿರುವ ಆಕ್ಸಲ್ ಕೂರಿಸಿದರೆ ಪ್ರೊಪೆಲ್ಲರ್ ಷಾಫ್ಟ್ ಓರೆಯಾಗುತ್ತದೆ. ಯೂನಿವರ್ಸಲ್ ಜಾಯಿಂಟ್ ಓರೆಯಲ್ಲಿ ತಿರುಗುವಾಗ ಪ್ರತಿ ಸುತ್ತಿಗೂ ಎರಡು ಬಾರಿ ವೇಗ ಹೆಚ್ಚಿ ಎರಡು ಬಾರಿ ತಗ್ಗುತ್ತದೆ. ಷಾಫ್ಟಿನ ಎರಡೂ ತುದಿಗಳ ಜಾಯಿಂಟುಗಳ ಕೋನ ಸಮನಾಗಿದ್ದರೆ ಒಂದರ ಏರಿಳಿತವನ್ನು ಇನ್ನೊಂದು ಅಳಿಸಿಹಾಕುತ್ತದೆ. ಸ್ಪ್ರಿಂಗ್ ಕೂರುವ ಪೀಠವನ್ನು ಕಣ್ಣಂದಾಜಿನಲ್ಲಿ ವೆಲ್ಡ್ ಮಾಡಿದರೆ ಈ ಸಮತೋಲ ತಪ್ಪಿ, ವೇಗ ಹೆಚ್ಚಿದಂತೆ ಇಡೀ ವಾಹನ ನಡುಗುತ್ತದೆ. ಶಿವಾಜಿನಗರದ ಕುಶಲಕರ್ಮಿಗಳ ಕೈಚಳಕವನ್ನು ನಾನು ಹಳಿಯುತ್ತಿಲ್ಲ. ಕೋನ ಅಳೆಯುವ ಉಪಕರಣವನ್ನು ಕೇಳಿ ನೋಡಿ ಎನ್ನುತ್ತೇನೆ, ಅಷ್ಟೆ.

ಕಾನೂನನ್ನೂ ಗಮನಿಸಬೇಕು. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮು ವಾಹನದ ಮಾರ್ಪಾಡನ್ನು ನಿರ್ಬಂಧಿಸುತ್ತದೆ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿಯಿತು. 50 ವರ್ಷ ಮೀರಿದ ವಾಹನಗಳಿಗೆ 'ವಿಂಟೇಜ್' ನೋಂದಣಿ ನೀಡುವ 2021ರ ನಿಯಮವಂತೂ ವಾಹನ ಮೂಲರೂಪದಲ್ಲೇ ಇರಬೇಕೆನ್ನುತ್ತದೆ.

ಹೆದ್ದಾರಿಯಲ್ಲಿ ಎಂಜಿನ್ನಿಗೆ ವಿಶ್ರಾಂತಿ ಬೇಕೇಬೇಕು ಎನ್ನುವವರಿಗೆ ಟ್ರಾನ್ಸ್‌ಫರ್ ಕೇಸಿನ ಹಿಂಬದಿಗೆ ಜೋಡಿಸುವ ಓವರ್‌ಡ್ರೈವ್ ಇದೆ. ಅದು ಎರಡೂ ಆಕ್ಸಲ್‌ಗಳ ವೇಗವನ್ನು ಒಟ್ಟಿಗೇ ಬದಲಿಸುವುದರಿಂದ ಹೊಂದಾಣಿಕೆ ಕೆಡುವುದಿಲ್ಲ, ಹಳೆಯ ಆಕ್ಸಲ್ಲೂ ಉಳಿಯುತ್ತದೆ. ಆದರೆ ಬ್ರೇಕು? ವೇಗ 80ರಿಂದ 100ಕ್ಕೆ ಏರಿದರೆ ಚಲನಶಕ್ತಿ ಒಂದೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ. ಅದನ್ನೆಲ್ಲ ಶಾಖವಾಗಿ ಕಳೆಯಬೇಕಾದವು ಅದೇ ಒಂಬತ್ತು ಅಂಗುಲದ ಡ್ರಮ್ಮುಗಳು.

ನೀವು ಕೊಳ್ಳಲಿರುವ ಜೀಪಿನ ಆಕ್ಸಲ್‌ಗಳು ಈಗಾಗಲೇ ಬದಲಾಗಿವೆಯೇ ಎಂದು ನೀವೇ ಪರೀಕ್ಷಿಸಬಹುದು. ಸಮತಟ್ಟು ನೆಲದಲ್ಲಿ ಉಳಿದ ಚಕ್ರಗಳಿಗೆ ಗಟ್ಟಿಯಾಗಿ ಅಡೆ ಕೊಟ್ಟು, ಟ್ರಾನ್ಸ್‌ಫರ್ ಕೇಸನ್ನು ನ್ಯೂಟ್ರಲ್‌ಗೆ ತಂದು, ಹಿಂದಿನ ಒಂದು ಚಕ್ರವನ್ನು ಜಾಕಿನಿಂದ ಎತ್ತಿ. ಕೈಬ್ರೇಕು ಈ ಜೀಪಿನಲ್ಲಿ ಪ್ರೊಪೆಲ್ಲರ್ ಷಾಫ್ಟಿನ ಮೇಲೆಯೇ ಇರುವುದರಿಂದ ಅದನ್ನು ಬಿಟ್ಟಿರಬೇಕು. ಎತ್ತಿದ ಚಕ್ರವನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ. ಷಾಫ್ಟ್ ಐದಕ್ಕೆ ಸ್ವಲ್ಪ ಕಡಿಮೆ ಸುತ್ತಿದರೆ ಅನುಪಾತ 4.88. ಮುಂದಿನ ಚಕ್ರವನ್ನೂ ಹಾಗೆಯೇ ಎತ್ತಿ ಎಣಿಸಿ. ಎರಡೂ ಎಣಿಕೆಗಳು ಒಂದೇ ಆಗಿರಬೇಕು.